ನೆಲದ ತೇವವೂ ನ್ಯೂಟ್ರಾನುಗಳೂ: ಮಣ್ಣಿನೊಳಗಿನ ಬೇರನ್ನು ಕ್ಯಾಮೆರಾದಿಂದ ನೋಡುವ ವಿಧಾನ

ಪೀಠಿಕೆ

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಹಳೇಬೀಡಿಗೆ ಹೊಂದಿಕೊಂಡಂತೆ ಬಸ್ತಿಹಳ್ಳಿ ಎಂಬ ಗ್ರಾಮವಿದೆ. ಹೊಯ್ಸಳರ ಕಾಲದ ಜಿನಬಸದಿಗಳು ಇಲ್ಲಿರುವುದರಿಂದಲೇ ಗ್ರಾಮಕ್ಕೆ ಈ ಹೆಸರು ಬಂದಿತು. ಇವುಗಳ ಪೈಕಿ 1133ನೆಯ ಇಸವಿಯಲ್ಲಿ ಬೊಪ್ಪದೇವನು ತನ್ನ ತಂದೆಯಾದ ಗಂಗರಾಜನ ನೆನಪಿಗಾಗಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಪ್ರಸಿದ್ಧವಾದುವು. ಬಳಪದ ಕಲ್ಲಿನ ಆ ಕಂಬಗಳಿಗೆ ಕೊಟ್ಟಿರುವ ಹೊಳಪು ಎಷ್ಟೆಂದರೆ, ಎದುರಿಗೆ ನಿಂತವರ ಮುಖವು ಕನ್ನಡಿಯಲ್ಲಿ ಕಂಡಂತೆ ಅವುಗಳಲ್ಲಿ ಕಾಣುತ್ತದೆ. ಆದರೆ ಹೊಳಪು ಮೇಲ್ಮೈಯದು. ಕಲ್ಲಿನ ಒಳಗೆ ಏನಿದೆಯೆಂಬುದನ್ನು ಆ ಕನ್ನಡಿಯು ತೋರಿಸಲಾರದು.

ಬಸದಿಯ ಸುತ್ತಣ ಹೊಲಗಳ ಸಂಗತಿಯೂ ಹೀಗೆಯೇ. ರಾಗಿಯನ್ನು ಬಿತ್ತಿ ಪೈರು ಗೇಣುದ್ದ ಬಂದ ಮೇಲೆ ಎರಡು ಮೂರು ವಾರ ಮಳೆಯು ಕೈಕೊಟ್ಟರೆ, ಹೊಲದ ಮೇಲ್ಮಣ್ಣು ಒಣಗಿ ಧೂಳಾಗುವುದು. ಪೈರು ಉಳಿಯುವುದೋ ಬಾಡುವುದೋ ಎಂಬುದು ಆ ಧೂಳಿನಿಂದ ನಿಶ್ಚಯವಾಗುವುದಿಲ್ಲ. ಗೇಣು ಮೊಳ ಆಳದಲ್ಲಿ ಎಷ್ಟು ತೇವ ನಿಂತಿದೆ, ಅಲ್ಲಿಗೆ ಬೇರು ಮುಟ್ಟಿದೆಯೇ ಎಂಬುದರಿಂದ ನಿಶ್ಚಯವಾಗುತ್ತದೆ. ಅರಸೀಕೆರೆ, ಹಳೇಬೀಡು ಸೀಮೆಯ ತೆಂಗಿನ ತೋಟದವರಿಗೂ ಇದೇ ಚಿಂತೆ. ಕೊಳವೆ ಬಾವಿಯಲ್ಲಿ ಉಳಿದಿರುವ ಸ್ವಲ್ಪ ನೀರನ್ನು ಈ ವಾರ ಹಾಯಿಸಬೇಕೇ, ಮುಂದಿನ ವಾರಕ್ಕೆ ಇಡಬೇಕೇ ಎಂಬ ಪ್ರಶ್ನೆಗೆ ಉತ್ತರವು ಮಣ್ಣಿನೊಳಗೆ ಅಡಗಿದೆ. ತಪ್ಪಿ ನಡೆದರೆ ಒಂದು ವರ್ಷದ ಪೈರೂ, ಬೆಳೆಸಲು ಹಲವು ವರ್ಷ ಹಿಡಿದ ಮರವೂ ನಷ್ಟವಾಗುವುವು.

ಅಗೆದು ನೋಡಿದರೆ ತೇವವು ತಿಳಿಯುವುದು; ಆದರೆ ಅಗೆದ ಕೂಡಲೇ ಬೇರು ಹರಿಯುತ್ತದೆ, ಮಣ್ಣು ಕದಡುತ್ತದೆ. ಅಗೆಯದೆ, ಬೇರನ್ನು ನೋಯಿಸದೆ, ಮಣ್ಣಿನೊಳಗಿನ ನೀರನ್ನು ನೋಡುವ ಉಪಾಯವೊಂದನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ನ್ಯೂಟ್ರಾನು ಎಂಬ ಸೂಕ್ಷ್ಮ ಕಣಗಳೂ, ಅವುಗಳನ್ನು ಬೆಳಕಾಗಿ ಮಾರ್ಪಡಿಸಿ ಹಿಡಿಯುವ ಕ್ಯಾಮೆರಾವೂ ಇದಕ್ಕೆ ಸಾಧನಗಳು. ಈ ಪಾಠದಲ್ಲಿ ಆ ಉಪಾಯದ ತತ್ತ್ವವನ್ನೂ, ಅದರಿಂದ ಬೇಸಾಯಕ್ಕೆ ತಿಳಿದುಬಂದ ಸಂಗತಿಗಳನ್ನೂ ಕ್ರಮವಾಗಿ ವಿವರಿಸಲಾಗಿದೆ.

1. ನ್ಯೂಟ್ರಾನು ಎಂದರೇನು?

ಪ್ರತಿಯೊಂದು ವಸ್ತುವೂ ಪರಮಾಣುಗಳಿಂದ ಆದದ್ದು. ಪರಮಾಣುವಿನ ನಡುವೆ ಅತಿ ಸಣ್ಣದಾದ ಬೀಜವೊಂದಿರುವುದು. ಈ ಬೀಜದಲ್ಲಿ ಪ್ರೋಟಾನು, ನ್ಯೂಟ್ರಾನು ಎಂಬ ಎರಡು ಬಗೆಯ ಕಣಗಳಿರುತ್ತವೆ. ಪ್ರೋಟಾನಿಗೆ ವಿದ್ಯುತ್ತಿನ ಅಂಶವುಂಟು. ನ್ಯೂಟ್ರಾನಿಗೆ ಅದು ಇಲ್ಲ. ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕ್ ಎಂಬ ವಿದ್ವಾಂಸರು 1932ರಲ್ಲಿ ಈ ಕಣವನ್ನು ಕಂಡುಹಿಡಿದು, 1935ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು.

ವಿದ್ಯುತ್ತಿನ ಅಂಶವಿಲ್ಲದ ಕಾರಣ ನ್ಯೂಟ್ರಾನು ಗಟ್ಟಿ ವಸ್ತುಗಳೊಳಗೂ ಸುಲಭವಾಗಿ ನುಗ್ಗಿ ಹೋಗುತ್ತದೆ. ಇದು ಅದರ ಗುಣ. ಇದೇ ಕಾರಣದಿಂದ ಅದನ್ನು ಹಿಡಿಯುವುದು ಕಷ್ಟ. ಇದು ಅದರ ದೋಷ. ಕಣ್ಣಿಗಾಗಲಿ, ಸಾಮಾನ್ಯ ಫೋಟೋ ಹಾಳೆಗಾಗಲಿ, ಕ್ಯಾಮೆರಾದ ಸೆನ್ಸರಿಗಾಗಲಿ ಅದು ನೇರವಾಗಿ ಗೋಚರಿಸುವುದಿಲ್ಲ. ಬೇರೊಂದು ವಸ್ತುವಿನ ಪರಮಾಣುಬೀಜವನ್ನು ಅದು ತಾಗಿದಾಗ ಆಗುವ ಪರಿಣಾಮವನ್ನು ನೋಡಿ, ಅದು ಬಂದಿತೆಂದು ತಿಳಿಯಬೇಕಾಗುತ್ತದೆ.

2. ನೀರಿಗೂ ನ್ಯೂಟ್ರಾನಿಗೂ ಇರುವ ಸಂಬಂಧ

ಹುಡುಗರು ಗೋಲಿಯಾಡುವುದನ್ನು ನೋಡಿದವರಿಗೆ ಈ ವಿಷಯವು ಸುಲಭವಾಗಿ ತಿಳಿಯುತ್ತದೆ. ಒಂದು ಗೋಲಿಯು ವೇಗವಾಗಿ ಬಂದು ಅದೇ ಗಾತ್ರದ ಇನ್ನೊಂದು ಗೋಲಿಗೆ ನೇರವಾಗಿ ಬಡಿದರೆ, ಬಂದ ಗೋಲಿಯು ನಿಂತುಬಿಡುವುದು. ನಿಂತ ಗೋಲಿಯು ಓಡುವುದು. ಅದೇ ಗೋಲಿಯು ರುಬ್ಬುವ ಗುಂಡಿಗೆ ಬಡಿದರೆ, ಗುಂಡು ಅಲುಗದೆ ಗೋಲಿಯು ಹೆಚ್ಚು ಕಡಮೆ ಅದೇ ವೇಗದಲ್ಲಿ ಹಿಂದಕ್ಕೆ ಪುಟಿಯುವುದು.

ಜಲಜನಕದ ಪರಮಾಣುಬೀಜವು ತೂಕದಲ್ಲಿ ನ್ಯೂಟ್ರಾನಿಗೆ ಹೆಚ್ಚು ಕಡಮೆ ಸಮನಾದುದು. ಆದುದರಿಂದ ಜಲಜನಕಕ್ಕೆ ತಾಗಿದ ನ್ಯೂಟ್ರಾನು ಬೇಗನೆ ವೇಗವನ್ನು ಕಳೆದುಕೊಳ್ಳುತ್ತದೆ. ವೇಗವಾದ ನ್ಯೂಟ್ರಾನು ಸುತ್ತಲಿನ ಶಾಖದ ಮಟ್ಟಕ್ಕೆ ಇಳಿಯಲು ಜಲಜನಕದಲ್ಲಾದರೆ ಸುಮಾರು 18 ತಾಗುಗಳು ಸಾಕು. ಇಂಗಾಲದಲ್ಲಿ ಸುಮಾರು 115, ಆಮ್ಲಜನಕದಲ್ಲಿ ಸುಮಾರು 150 ತಾಗುಗಳು ಬೇಕು. ಮಣ್ಣಿನ ಮರಳು, ಜೇಡಿಗಳಲ್ಲಿ ಹೆಚ್ಚಾಗಿರುವುದು ಆಮ್ಲಜನಕ, ಸಿಲಿಕಾನು, ಅಲ್ಯೂಮಿನಿಯಮ್ ಮೊದಲಾದವು. ಜಲಜನಕವು ಮುಖ್ಯವಾಗಿ ನೀರಿನಲ್ಲಿದೆ. ಆದಕಾರಣ, ಮಣ್ಣಿನೊಳಗೆ ನ್ಯೂಟ್ರಾನುಗಳನ್ನು ಬಿಟ್ಟಾಗ ಅವುಗಳನ್ನು ತಡೆದು ನಿಲ್ಲಿಸುವುದು ಬಹುಮಟ್ಟಿಗೆ ನೀರೇ ಆಗಿರುತ್ತದೆ.

ಇದು ವೈದ್ಯಶಾಲೆಯ ಎಕ್ಸ್‌ಕಿರಣದ ಸ್ವಭಾವಕ್ಕೆ ವಿರುದ್ಧವಾದುದು. ಎಕ್ಸ್‌ಕಿರಣವನ್ನು ಸೀಸವು ತಡೆಯುತ್ತದೆ. ನೀರು, ಮಾಂಸಗಳು ಬಹುಮಟ್ಟಿಗೆ ಬಿಟ್ಟುಕೊಡುತ್ತವೆ. ನಿಧಾನ ನ್ಯೂಟ್ರಾನುಗಳಾದರೋ, ಒಂದು ಸೆಂಟಿಮೀಟರು ದಪ್ಪದ ಅಲ್ಯೂಮಿನಿಯಮ್ ತಗಡಿನಲ್ಲಿ ನೂರಕ್ಕೆ ಸುಮಾರು 90ರಂತೆ ದಾಟಿ ಹೋಗುತ್ತವೆ. ಅಷ್ಟೇ ದಪ್ಪದ ನೀರಿನಲ್ಲಿ ನೂರಕ್ಕೆ ಸುಮಾರು 3 ಮಾತ್ರ ದಾಟುತ್ತವೆ. ಲೋಹದ ಪೆಟ್ಟಿಗೆಯೊಳಗೆ ಮಣ್ಣು ತುಂಬಿ ಗಿಡ ಬೆಳೆಸಿದರೆ, ನ್ಯೂಟ್ರಾನುಗಳಿಗೆ ಪೆಟ್ಟಿಗೆಯು ಗಾಜಿನಂತೆಯೂ, ಒಣಮಣ್ಣು ತೆಳುವಾದ ಮಂಜಿನಂತೆಯೂ, ನೀರು ತುಂಬಿದ ಬೇರು ಕಪ್ಪು ದಾರದಂತೆಯೂ ತೋರುತ್ತವೆ.

3. ಕಾಣದುದನ್ನು ಬೆಳಕಾಗಿ ಮಾಡುವುದು

ನ್ಯೂಟ್ರಾನುಗಳಿಂದ ಚಿತ್ರ ತೆಗೆಯುವ ಮೊದಲ ಪ್ರಯತ್ನಗಳನ್ನು 1935ರಿಂದೀಚೆಗೆ ಬರ್ಲಿನ್ ನಗರದಲ್ಲಿ ಕಾಲ್ಮನ್ ಮತ್ತು ಕೂನ್ ಎಂಬವರು ನಡೆಸಿದರು. ಅನಂತರ ಬಹುಕಾಲದವರೆಗೆ ಫೋಟೋ ಹಾಳೆಗೆ ಒತ್ತಿ ಗೆಡೋಲಿನಿಯಮ್ ಎಂಬ ಲೋಹದ ತೆಳುರೇಕನ್ನು ಇಡುವ ಪದ್ಧತಿ ಇತ್ತು. ಆ ರೇಕು ನ್ಯೂಟ್ರಾನುಗಳನ್ನು ಹೀರಿ ಎಲೆಕ್ಟ್ರಾನುಗಳನ್ನು ಹೊರಡಿಸುವುದು. ಅವು ಹಾಳೆಯನ್ನು ಕಪ್ಪಾಗಿಸುವುವು. ಚಿತ್ರವು ಬಹು ಸೂಕ್ಷ್ಮವಾಗಿ ಬರುತ್ತಿತ್ತು. ಆದರೆ ಒಂದೊಂದು ಹಾಳೆಯನ್ನೂ ಕತ್ತಲ ಕೋಣೆಯಲ್ಲಿ ತೊಳೆಯಬೇಕು; ನೀರು ಬೇರಿನೊಳಗೆ ಏರುವುದನ್ನು ನಿಮಿಷನಿಮಿಷಕ್ಕೂ ನೋಡುವಂತಿರಲಿಲ್ಲ. ಈ ಕೊರತೆಯನ್ನು ಇಂದಿನ ಕ್ಯಾಮೆರಾ ಸೆನ್ಸರುಗಳು ನೀಗಿಸಿವೆ. ಸಾಧನದ ಭಾಗಗಳು ಈ ಪ್ರಕಾರ ಇವೆ.

(ಅ) ಮಿನುಗು ತೆರೆ. ಲಿಥಿಯಮಿನ ಒಂದು ಲವಣವನ್ನೂ ಸತುವಿನ ಸಲ್ಫೈಡನ್ನೂ ಬೆರಸಿ ತೆಳುವಾಗಿ ಬಳಿದ ಫಲಕವಿದು. ಬಳಿದ ಪದರದ ದಪ್ಪವು ಒಂದು ಮಿಲಿಮೀಟರಿನ ಹತ್ತು ಪಾಲಿನಲ್ಲಿ ಕೆಲವೇ ಪಾಲು. ಲಿಥಿಯಮಿನಲ್ಲಿ 6 ತೂಕದ್ದು, 7 ತೂಕದ್ದು ಎಂದು ಎರಡು ಜಾತಿಗಳುಂಟು. ನ್ಯೂಟ್ರಾನನ್ನು ಹಿಡಿಯುವುದು 6 ತೂಕದ್ದು. ಪ್ರಕೃತಿಯಲ್ಲಿ ಇದು ನೂರಕ್ಕೆ ಏಳೆಂಟರಷ್ಟು ಮಾತ್ರ ಇರುವುದರಿಂದ, ಬೇರ್ಪಡಿಸಿ ಹೆಚ್ಚಿಸಿದ ಲಿಥಿಯಮನ್ನೇ ಬಳಸುವರು. ನ್ಯೂಟ್ರಾನು ತಾಗಿದ ಕೂಡಲೇ ಲಿಥಿಯಮಿನ ಬೀಜವು ಎರಡು ಹೋಳಾಗಿ ಸಿಡಿಯುತ್ತದೆ. ಆ ಹೋಳುಗಳು ಸತುವಿನ ಸಲ್ಫೈಡನ್ನು ಬಡಿದು ನೀಲಿ ಬೆಳಕನ್ನು ಮಿನುಗಿಸುತ್ತವೆ. ಒಂದು ನ್ಯೂಟ್ರಾನು ಹಿಡಿಯಲ್ಪಟ್ಟರೆ ಲಕ್ಷಕ್ಕೂ ಮಿಗಿಲಾದ ಬೆಳಕಿನ ಕಣಗಳು ಹೊರಡುವುವು.

(ಆ) ಕನ್ನಡಿ. ಮಿನುಗು ತೆರೆಯ ಹಿಂದೆ, 45 ಅಂಶ ಓರೆಯಾಗಿ, ಒಂದು ಕನ್ನಡಿಯನ್ನು ನಿಲ್ಲಿಸುವರು. ಬೆಳಕು ಕನ್ನಡಿಗೆ ಬಡಿದು ಪಕ್ಕಕ್ಕೆ ತಿರುಗುತ್ತದೆ. ನ್ಯೂಟ್ರಾನುಗಳು ಕನ್ನಡಿಯನ್ನೂ ದಾಟಿ ನೇರವಾಗಿ ಮುಂದೆ ಹೋಗುತ್ತವೆ. ಕ್ಯಾಮೆರಾವನ್ನು ಪಕ್ಕದಲ್ಲಿ ಇಡುವುದರಿಂದ ಕಿರಣದ ಧಾರೆಯು ಅದಕ್ಕೆ ತಗಲುವುದಿಲ್ಲ. ಕನ್ನಡಿ ಇಲ್ಲದೆ ಕ್ಯಾಮೆರಾವನ್ನು ಧಾರೆಯ ಎದುರಿಗೇ ಇಟ್ಟರೆ ಸೆನ್ಸರು ಬೇಗನೆ ಕೆಡುವುದು. ಈ ಕನ್ನಡಿಯ ಹೊಳಪುಲೇಪವು ಮನೆಯ ಕನ್ನಡಿಯಂತೆ ಗಾಜಿನ ಹಿಂದೆ ಇರದೆ ಮುಂದೆಯೇ ಇರುತ್ತದೆ. ಹಿಂದೆ ಇದ್ದರೆ ಗಾಜಿನ ಮುಖದಿಂದೊಂದು, ಲೇಪದಿಂದೊಂದು ಎಂದು ಎರಡು ಪ್ರತಿಬಿಂಬಗಳು ಬಂದು ಚಿತ್ರವು ಮಸುಕಾಗುವುದು. ಬಸ್ತಿಹಳ್ಳಿಯ ಕಂಬವೂ ಇಂತಹ ಮುಂಮೈ ಕನ್ನಡಿಯೇ ಸರಿ.

(ಇ) ಲೆನ್ಸು. ತೆರೆಯು ತನ್ನ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ಲೆನ್ಸಿನ ಬಾಯಿಗೆ ಬೀಳುವುದು ಅದರಲ್ಲಿ ನೂರಾರರಲ್ಲೊಂದು ಪಾಲು ಅಥವಾ ಅದಕ್ಕೂ ಕಡಮೆ. ಆದಕಾರಣ ಅಗಲವಾದ ಬಾಯುಳ್ಳ ಲೆನ್ಸನ್ನೇ ಆರಿಸಬೇಕು. ದೊಡ್ಡ ತೆರೆಯ ಚಿತ್ರವನ್ನು ಚಿಕ್ಕ ಸೆನ್ಸರಿನ ಮೇಲೆ ಕಿರಿದುಮಾಡಿ ಬೀಳಿಸಿದಷ್ಟೂ ಬೆಳಕು ನಷ್ಟವಾಗುತ್ತದೆ. ಕಡೆಗೆ ಒಂದೊಂದು ನ್ಯೂಟ್ರಾನಿನಿಂದಲೂ ಕೆಲವು ಬೆಳಕಿನ ಕಣಗಳಾದರೂ ಸೆನ್ಸರನ್ನು ಮುಟ್ಟುವಂತೆ ಏರ್ಪಾಡು ಮಾಡುವುದೇ ಈ ಕೆಲಸದ ಮರ್ಮ.

(ಈ) ಸೆನ್ಸರು. ಇದು ಸಿಲಿಕಾನಿನ ಬಿಲ್ಲೆ. ಇದರಲ್ಲಿ ಲಕ್ಷಾಂತರ ಸಣ್ಣ ಚೌಕಗಳಿದ್ದು, ಪ್ರತಿಯೊಂದು ಚೌಕವೂ ತನಗೆ ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುತ್ತನ್ನು ಕೂಡಿಡುತ್ತದೆ. ಮಳೆ ಬರುವಾಗ ಅಂಗಳದಲ್ಲಿ ಸಾಲಾಗಿ ಬಟ್ಟಲುಗಳನ್ನಿಟ್ಟು, ಯಾವ ಬಟ್ಟಲಿಗೆ ಎಷ್ಟು ನೀರು ಬಿದ್ದಿತೆಂದು ಅಳೆದಂತೆ ಇದು. ಬೆಳಕು ಬೀಳದಿದ್ದರೂ ಶಾಖದಿಂದಲೇ ಈ ಬಟ್ಟಲುಗಳಲ್ಲಿ ಸ್ವಲ್ಪ ವಿದ್ಯುತ್ತು ಜಿನುಗುವುದು. ಅದನ್ನು ತಗ್ಗಿಸಲು ಸೆನ್ಸರನ್ನು ಹಿಮದ ಮಟ್ಟಕ್ಕಿಂತಲೂ ಕೆಳಗೆ ತಂಪುಮಾಡುವರು. ಇಷ್ಟೂ ಭಾಗಗಳನ್ನು ಬೆಳಕು ನುಸುಳದ ಪೆಟ್ಟಿಗೆಯಲ್ಲಿಟ್ಟು, ಕ್ಯಾಮೆರಾದ ಸುತ್ತಲೂ ಸೀಸವನ್ನೂ ಬೋರಾನು ಸೇರಿದ ಹಲಗೆಗಳನ್ನೂ ಮರೆಯಾಗಿ ಕಟ್ಟುವರು.

ತೆರೆ, ಕನ್ನಡಿ, ಲೆನ್ಸು ಯಾವುದೂ ಇಲ್ಲದ ಇನ್ನೊಂದು ವಿಧಾನವೂ ಇದೆ. ಕ್ಯಾಮೆರಾ ಸೆನ್ಸರಿನ ಮುಖದ ಗಾಜನ್ನು ತೆಗೆದು ಬೋರಾನಿನ ತೆಳುಲೇಪವನ್ನು ಅದರ ಸಮೀಪದಲ್ಲಿ ಇಟ್ಟರೆ, ನ್ಯೂಟ್ರಾನು ತಾಗಿ ಸಿಡಿದ ಬೋರಾನಿನ ಚೂರುಗಳು ಸೆನ್ಸರಿಗೇ ಬಡಿಯುತ್ತವೆ. ಒಂದೊಂದು ಬಡಿತವೂ ಕತ್ತಲ ಚಿತ್ರದಲ್ಲಿ ಒಂದು ಬಿಳಿಯ ಚುಕ್ಕೆಯಾಗಿ ಕಾಣುವುದು. ಚುಕ್ಕೆಗಳನ್ನು ಎಣಿಸಿದರೆ ನ್ಯೂಟ್ರಾನುಗಳನ್ನು ಎಣಿಸಿದಂತಾಯಿತು.

4. ಚಿತ್ರದಿಂದ ನೀರಿನ ಲೆಕ್ಕ

ಕ್ಯಾಮೆರಾವು ಕೊಡುವುದು ಅಂಕೆಗಳ ಪಟ್ಟಿಯನ್ನು. ಅದರಿಂದ ನೀರಿನ ದಪ್ಪವನ್ನು ತಿಳಿಯುವ ಬಗೆಯನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಮೂರು ಚಿತ್ರಗಳು ಬೇಕು: ಕಿರಣವನ್ನು ಮುಚ್ಚಿ ತೆಗೆದ ಕತ್ತಲ ಚಿತ್ರ, ಒಣಮಣ್ಣಿನ ಪೆಟ್ಟಿಗೆಯ ಚಿತ್ರ, ನೀರು ಹಾಕಿದ ಅದೇ ಪೆಟ್ಟಿಗೆಯ ಚಿತ್ರ. ಒಂದು ಚೌಕದಲ್ಲಿ ಈ ಮೂರರ ಅಂಕೆಗಳು ಕ್ರಮವಾಗಿ 100, 2100, 1500 ಎಂದಿರಲಿ. ಕತ್ತಲ ಅಂಕೆಯನ್ನು ಎರಡರಿಂದಲೂ ಕಳೆದರೆ 2000 ಮತ್ತು 1400 ಉಳಿಯುವುವು. 1400ನ್ನು 2000ದಿಂದ ಭಾಗಿಸಿದರೆ ನೂರಕ್ಕೆ 70. ಎಂದರೆ, ನೀರಿನಿಂದಾಗಿ ನೂರಕ್ಕೆ 30 ನ್ಯೂಟ್ರಾನುಗಳು ತಡೆಯಲ್ಪಟ್ಟವು. ನಿಧಾನ ನ್ಯೂಟ್ರಾನುಗಳಲ್ಲಿ ಒಂದು ಮಿಲಿಮೀಟರು ನೀರನ್ನು ದಾಟುವುದು ನೂರಕ್ಕೆ ಸುಮಾರು 70 ಎಂದು ಮೊದಲೇ ಗೊತ್ತಿರುವುದರಿಂದ, ಆ ಚೌಕದ ಎದುರಿಗೆ ಒಂದು ಮಿಲಿಮೀಟರು ದಪ್ಪದಷ್ಟು ನೀರಿದೆಯೆಂದು ತೀರ್ಮಾನವಾಯಿತು. ಮೂರನೆಯ ಅಂಕೆಯು 1100 ಆಗಿದ್ದರೆ ದಾಟಿದ್ದು ನೂರಕ್ಕೆ 50. ನೀರು ಸುಮಾರು ಎರಡು ಮಿಲಿಮೀಟರು. ನೀರು ಇಮ್ಮಡಿಯಾದರೆ ತಡೆಯು ಇಮ್ಮಡಿಯಾಗದೆ, ಉಳಿದ ನೂರಕ್ಕೆ 70ರಲ್ಲಿ ಮತ್ತೆ ನೂರಕ್ಕೆ 70 ದಾಟುವುದೆಂಬುದನ್ನು ವಾಚಕರು ಗಮನಿಸತಕ್ಕದ್ದು.

ಮತ್ತೊಂದು ತೊಡಕುಂಟು. ಪರಮಾಣು ಕುಲುಮೆಯ ಸಮೀಪದಲ್ಲಿ ಗಾಮಾ ಕಿರಣಗಳೂ ಇರುವುದರಿಂದ, ಅವು ಆಗಾಗ ಮರೆಯನ್ನು ದಾಟಿ ಸೆನ್ಸರಿಗೆ ನೇರವಾಗಿ ಬಡಿದು ಸುಳ್ಳು ಚುಕ್ಕೆಗಳನ್ನು ಮೂಡಿಸುವುವು. ಇದಕ್ಕೆ ಪರಿಹಾರವಾಗಿ ಒಂದೇ ನೋಟವನ್ನು ಮೂರು ಸಲ ತೆಗೆಯುವರು. ಒಂದು ಚೌಕದಲ್ಲಿ 1480, 1510, 9000 ಎಂದು ಬಂದರೆ, ಮೂರರ ಸರಾಸರಿಯು ಸುಮಾರು 3997 ಆಗಿ ಪೂರಾ ತಪ್ಪಾಗುವುದು. ನಡುವಿನ ಅಂಕೆಯಾದ 1510ನ್ನು ಹಿಡಿದರೆ ಸರಿಯಾಗುವುದು. ಸುಳ್ಳು ಚುಕ್ಕೆಯು ಎರಡು ಸಲ ಒಂದೇ ಚೌಕದ ಮೇಲೆ ಬೀಳುವುದು ಅಪರೂಪ.

5. ನಮ್ಮ ದೇಶದಲ್ಲಿ ಈ ವಿದ್ಯೆ

ಇಂತಹ ಚಿತ್ರಗಳಿಗೆ ನ್ಯೂಟ್ರಾನುಗಳ ಬಲವಾದ ಧಾರೆ ಬೇಕು. ಅದು ಪರಮಾಣು ಕುಲುಮೆಯಲ್ಲಿ ದೊರೆಯುವುದು. ಮುಂಬಯಿಯ ಬಳಿ ಟ್ರಾಂಬೆಯಲ್ಲಿ ಅಪ್ಸರಾ ಎಂಬ ಕುಲುಮೆಯು 1956ನೆಯ ಆಗಸ್ಟ್ 4ರಂದು ಕೆಲಸ ಮಾಡಲಾರಂಭಿಸಿತು. ತುಮಕೂರು ಸೀಮೆಯಲ್ಲಿ 1925ರಲ್ಲಿ ಜನಿಸಿ, ಮುಂದೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ರಾಜಾ ರಾಮಣ್ಣನವರು ಅಲ್ಲಿ ನ್ಯೂಟ್ರಾನುಗಳ ವಿಷಯದಲ್ಲಿ ಸಂಶೋಧನೆ ನಡೆಸಿದವರಲ್ಲಿ ಪ್ರಮುಖರು. ಅಪ್ಸರಾ 2009ರಲ್ಲಿ ನಿಂತು, ಅದೇ ಸ್ಥಳದಲ್ಲಿ ಹೊಸದಾದ ಅಪ್ಸರಾ-ಯು 2018ರಲ್ಲಿ ಆರಂಭವಾಯಿತು. 1985ರಲ್ಲಿ ಆರಂಭವಾದ ಧ್ರುವ ಎಂಬ ದೊಡ್ಡ ಕುಲುಮೆಯಲ್ಲಿ ಮಿನುಗು ತೆರೆ, ಕನ್ನಡಿ, ಕ್ಯಾಮೆರಾಗಳಿಂದ ನ್ಯೂಟ್ರಾನು ಚಿತ್ರ ತೆಗೆಯುವ ಏರ್ಪಾಡು ಇದೆ. ತಮಿಳುನಾಡಿನ ಕಲ್ಪಾಕ್ಕಮ್‌ನಲ್ಲಿ 1996ರಲ್ಲಿ ಆರಂಭವಾದ ಕಾಮಿನಿ ಎಂಬ 30 ಕಿಲೋವಾಟಿನ ಚಿಕ್ಕ ಕುಲುಮೆಯನ್ನು ಕಟ್ಟಿದ ಮುಖ್ಯ ಉದ್ದೇಶಗಳಲ್ಲಿ ನ್ಯೂಟ್ರಾನು ಚಿತ್ರಣವೂ ಒಂದು. ಥೋರಿಯಮಿನಿಂದ ಪಡೆದ ಯುರೇನಿಯಮ್-233 ಅದರ ಇಂಧನ.

6. ಬೇರುಗಳ ವಿಷಯದಲ್ಲಿ ತಿಳಿದುಬಂದುದು

ಮಣ್ಣಿನಲ್ಲಿರುವ ಬೇರನ್ನು ಇದ್ದಲ್ಲಿಯೇ ನೋಡಲು ನ್ಯೂಟ್ರಾನು ಚಿತ್ರಣವನ್ನು ಉಪಯೋಗಿಸಿದ ಪ್ರಯೋಗಗಳು 1970ರ ದಶಕದಲ್ಲಿ ಅಮೆರಿಕದಲ್ಲಿ ಪ್ರಕಟವಾದವು. ಕ್ಯಾಮೆರಾ ಪದ್ಧತಿಯು ಬಂದ ಮೇಲೆ ಜರ್ಮನಿ, ಸ್ವಿಟ್ಜರ್ಲೆಂಡು ದೇಶಗಳಲ್ಲಿ ಈ ಕೆಲಸವು ಬಹಳ ಮುಂದುವರಿದಿದೆ. ತೆಳುವಾದ ಅಲ್ಯೂಮಿನಿಯಮ್ ಪೆಟ್ಟಿಗೆಯಲ್ಲಿ ಮರಳುಮಣ್ಣು ತುಂಬಿ, ಲೂಪಿನ್ ಎಂಬ ದ್ವಿದಳ ಸಸ್ಯವನ್ನು ಬೆಳೆಸಿ ಚಿತ್ರ ತೆಗೆದಾಗ ಮುಖ್ಯವಾಗಿ ಎರಡು ಸಂಗತಿಗಳು ಗೊತ್ತಾದವು.

ಮೊದಲನೆಯದು. ಮಣ್ಣು ಒಣಗುತ್ತ ಬಂದಾಗ ಬೇರಿಗೆ ಅಂಟಿಕೊಂಡ ತೆಳುಪದರದ ಮಣ್ಣು ದೂರದ ಮಣ್ಣಿಗಿಂತ ಹೆಚ್ಚು ತೇವವಾಗಿರುವುದು 2010ರಲ್ಲಿ ಪ್ರಕಟವಾದ ಚಿತ್ರಗಳಲ್ಲಿ ಕಂಡುಬಂದಿತು. ಬೇರು ನೀರನ್ನು ಹೀರುವುದರಿಂದ ಅದರ ಪಕ್ಕದ ಮಣ್ಣೇ ಮೊದಲು ಒಣಗಬೇಕೆಂದು ಎಣಿಸುವುದು ಸಹಜ. ಆದರೆ ಬೇರು ಒಸರಿಸುವ ಲೋಳೆಯು ನೀರನ್ನು ಹಿಡಿದಿಡುತ್ತದೆ. ಅದೇ ಲೋಳೆಯು ಚೆನ್ನಾಗಿ ಒಣಗಿದ ಮೇಲೆ, ಮತ್ತೆ ನೀರು ಹಾಕಿದರೂ ಕೂಡಲೇ ನೆನೆಯುವುದಿಲ್ಲ. ಸುತ್ತಣ ಮಣ್ಣು ತೇವವಾಗಿದ್ದರೂ ಬೇರಿನ ಪಕ್ಕದ ಪದರವು ಕೆಲವು ಕಾಲ ಒಣಗಿಯೇ ಇರುತ್ತದೆ.

ಎರಡನೆಯದು. ಭಾರಜಲವೆಂಬ ಒಂದು ಬಗೆಯ ನೀರು ನ್ಯೂಟ್ರಾನುಗಳನ್ನು ಸಾಮಾನ್ಯ ನೀರಿಗಿಂತ ಬಹಳ ಕಡಮೆಯಾಗಿ ತಡೆಯುತ್ತದೆ. ಮಣ್ಣಿನ ಒಂದು ಭಾಗಕ್ಕೆ ಭಾರಜಲವನ್ನು ಸೇರಿಸಿದರೆ, ಅದು ಬೇರಿನೊಳಗೆ ಹೊಕ್ಕಂತೆಲ್ಲ ಕಪ್ಪಾಗಿದ್ದ ಬೇರು ಬೆಳ್ಳಗಾಗುತ್ತ ಹೋಗುವುದು. 2013ರಲ್ಲಿ ಪ್ರಕಟವಾದ ಇಂತಹ ಪ್ರಯೋಗಗಳಿಂದ, ಆ ಗಿಡವು ನೀರನ್ನು ಹೆಚ್ಚಾಗಿ ಹೀರಿದ್ದು ಪಕ್ಕದ ಕವಲು ಬೇರುಗಳಿಂದಲೇ ಎಂದೂ, ನಡುವಿನ ತಾಯಿಬೇರು ಬಹುಮಟ್ಟಿಗೆ ನೀರನ್ನು ಮೇಲಕ್ಕೆ ಸಾಗಿಸುವ ಕಾಲುವೆಯಂತಿತ್ತೆಂದೂ ತಿಳಿದುಬಂದಿತು.

ಲೂಪಿನ್ ಗಿಡದಲ್ಲಿ ಕಂಡದ್ದೆಲ್ಲವೂ ರಾಗಿಗೂ ತೆಂಗಿಗೂ ಹಾಗೆಯೇ ಅನ್ವಯಿಸುವುದೆಂದು ಹೇಳಲಾಗದು. ರಾಗಿಗೆ ತಾಯಿಬೇರಿಲ್ಲ, ಅದರದು ಹುಲ್ಲಿನ ಜಾತಿಯ ಜುಂಗುಬೇರು. ತೆಂಗಿನ ಬೇರುಗಳೂ ಬುಡದಿಂದ ಕಟ್ಟಾಗಿ ಹೊರಡುವುವು. ಆದರೆ ಬೇರಿನ ಪಕ್ಕದ ತೆಳುಪದರವನ್ನು ಪೂರಾ ಒಣಗಲು ಬಿಡಬಾರದೆಂಬ ಪಾಠವು ವಿಚಾರಾರ್ಹವಾದುದು. ಬಹುಕಾಲ ಒಣಗಿಸಿ ಒಮ್ಮೆಗೇ ಹೆಚ್ಚು ನೀರು ಹಾಯಿಸುವುದಕ್ಕಿಂತ, ಇರುವ ನೀರನ್ನು ಹದವರಿತು ಹಲವು ಸಲ ಕೊಡುವ ಹನಿ ನೀರಾವರಿಯ ಕ್ರಮಕ್ಕೂ ಈ ಪಾಠಕ್ಕೂ ಹೊಂದಿಕೆಯುಂಟು.

7. ಹೊಲದಲ್ಲಿ ನ್ಯೂಟ್ರಾನುಗಳಿಂದ ತೇವವನ್ನು ಅಳೆಯುವುದು

ಕ್ಯಾಮೆರಾದ ಪದ್ಧತಿಯು ಪ್ರಯೋಗಶಾಲೆಗೆ ಸೇರಿದ್ದು. ಹೊಲದಲ್ಲಿ ತೇವವನ್ನು ಅಳೆಯಲು ಇದೇ ತತ್ತ್ವದ ಮೇಲೆ ಎರಡು ಬೇರೆ ಸಾಧನಗಳಿವೆ.

ಒಂದು, ನೆಲಕ್ಕೆ ಇಳಿಸುವ ನ್ಯೂಟ್ರಾನು ಶಲಾಕೆ. 1950ರ ಸುಮಾರಿಗೆ ಅಮೆರಿಕದಲ್ಲಿ ಇದರ ಪ್ರಯೋಗ ಮೊದಲಾಯಿತು. ನೆಲದಲ್ಲಿ ಹೂಳಿದ ಕೊಳವೆಯೊಳಗೆ ವೇಗವಾದ ನ್ಯೂಟ್ರಾನುಗಳನ್ನು ಹೊರಡಿಸುವ ಗುಳಿಗೆಯನ್ನೂ, ನಿಧಾನವಾದ ನ್ಯೂಟ್ರಾನುಗಳನ್ನು ಎಣಿಸುವ ನಳಿಗೆಯನ್ನೂ ಇಳಿಸುವರು. ತೇವ ಹೆಚ್ಚಿದಷ್ಟೂ ನಿಧಾನ ನ್ಯೂಟ್ರಾನುಗಳ ಎಣಿಕೆಯು ಹೆಚ್ಚುವುದು. ಗುಳಿಗೆಯು ವಿಕಿರಣವುಳ್ಳದ್ದಾದುದರಿಂದ ಸರ್ಕಾರದ ಅನುಮತಿಯೂ ತರಬೇತಾದ ಜನರೂ ಇಲ್ಲದೆ ಇದನ್ನು ಉಪಯೋಗಿಸಲಾಗದು.

ಎರಡು, ಆಕಾಶದಿಂದ ತಾನಾಗಿ ಬರುವ ವಿಶ್ವಕಿರಣಗಳನ್ನು ಅವಲಂಬಿಸಿದ ಸಾಧನ. ವಿಶ್ವಕಿರಣಗಳು ಗಾಳಿಗೂ ನೆಲಕ್ಕೂ ಬಡಿದಾಗ ವೇಗವಾದ ನ್ಯೂಟ್ರಾನುಗಳು ಹುಟ್ಟುತ್ತವೆ. ನೆಲವು ಒಣಗಿದ್ದರೆ ಅವುಗಳಲ್ಲಿ ಹೆಚ್ಚಿನವು ಮೇಲಕ್ಕೆ ಪುಟಿಯುವುವು. ತೇವವಾಗಿದ್ದರೆ ಜಲಜನಕಕ್ಕೆ ಸಿಕ್ಕಿ ವೇಗ ಕಳೆದುಕೊಳ್ಳುವುವು. ಆದುದರಿಂದ ಹೊಲದ ನಡುವೆ ಕಂಬಕ್ಕೆ ಕಟ್ಟಿದ ನಳಿಗೆಯಲ್ಲಿ ಎಣಿಕೆಯು ಕಡಮೆಯಾದರೆ ತೇವವು ಹೆಚ್ಚೆಂದು ತಿಳಿಯಬೇಕು. ಶಲಾಕೆಯ ಎಣಿಕೆಗೆ ಇದು ತಲೆಕೆಳಗು. ಅರಿಜೋನಾ ವಿಶ್ವವಿದ್ಯಾನಿಲಯದ ಮಾರೆಕ್ ಜ್ರೆಡಾ ಮತ್ತು ಸಂಗಡಿಗರು ಈ ವಿಧಾನವನ್ನು 2008ರಲ್ಲಿ ಪ್ರಕಟಿಸಿದರು. ಒಂದು ಸಾಧನವು ತನ್ನ ಸುತ್ತ ನೂರಿನ್ನೂರು ಮೀಟರುಗಳವರೆಗಿನ ನೆಲದ, ಸುಮಾರು ಗೇಣಿನಿಂದ ಎರಡು ಅಡಿಗೂ ಮಿಕ್ಕ ಆಳದವರೆಗಿನ ತೇವದ ಸರಾಸರಿಯನ್ನು ತಿಳಿಸುವುದು. ತೇವ ಹೆಚ್ಚಿದ್ದಾಗ ನೋಟದ ಆಳವು ಕಡಮೆಯಾಗುವುದು. ಕರ್ನಾಟಕದಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯ ಮೊದಲಾದವು ಇಂಗ್ಲೆಂಡಿನ ಜಲವಿಜ್ಞಾನ ಕೇಂದ್ರವೊಂದರ ಸಹಕಾರದಿಂದ 2015ರಿಂದೀಚೆಗೆ ಇಂತಹ ಸಾಧನಗಳನ್ನು ಸ್ಥಾಪಿಸಿ ಪರೀಕ್ಷಿಸಿವೆ. ಕಬಿನಿ ನದಿಯ ಜಲಾನಯನ ಸೀಮೆಯ ಹೊಲಗಳೂ ಧಾರವಾಡದ ಹೊಲಗಳೂ ಈ ಪರೀಕ್ಷೆಗೆ ಒಳಪಟ್ಟಿವೆ.

ಜೇಡಿಮಣ್ಣಿನ ಕಣಗಳೊಳಗೆ ಸೇರಿಹೋದ ನೀರಿನಲ್ಲಿಯೂ, ಗೊಬ್ಬರ, ಬೇರು, ಪೈರುಗಳಲ್ಲಿಯೂ ಜಲಜನಕವಿದೆ. ನ್ಯೂಟ್ರಾನು ಇವುಗಳನ್ನು ನೆಲದ ತೇವದಿಂದ ಬೇರ್ಪಡಿಸಿ ನೋಡಲಾರದು. ಆದುದರಿಂದ ಕಪ್ಪುಮಣ್ಣಿಗೆ ಹೊಂದಿಸಿದ ಸಾಧನದ ಅಂಕೆಯನ್ನು ಹಳೇಬೀಡಿನ ಕೆಂಪುಮಣ್ಣಿಗೆ ಹಾಗೆಯೇ ಹಿಡಿಯಬಾರದು. ಪ್ರತಿಯೊಂದು ಸ್ಥಳದಲ್ಲಿಯೂ ಮಣ್ಣನ್ನು ತೆಗೆದು, ಒಣಗಿಸಿ, ತೂಗಿ, ಸಾಧನದ ಅಂಕೆಯೊಡನೆ ತಾಳೆನೋಡಬೇಕು. ಎಷ್ಟೇ ಹೊಸ ಯಂತ್ರವಾದರೂ ಕಡೆಗೆ ತಕ್ಕಡಿಯ ಸಾಕ್ಷಿಯನ್ನೇ ಕೇಳಬೇಕಾಗುವುದು.

ಇಲ್ಲಿ ಒಂದು ಎಚ್ಚರಿಕೆ. ಕ್ಯಾಮೆರಾ ಸೆನ್ಸರು ನ್ಯೂಟ್ರಾನನ್ನು ಹಿಡಿಯುವುದಾದರೆ ಕೈಯಲ್ಲಿರುವ ಫೋನಿನಿಂದಲೇ ಹೊಲದ ತೇವವನ್ನು ಅಳೆಯಬಹುದಲ್ಲವೇ ಎಂದು ಕೆಲವರಿಗೆ ತೋರಬಹುದು. ಅದು ಸಾಧ್ಯವಿಲ್ಲ. ಲಿಥಿಯಮ್ ಅಥವಾ ಬೋರಾನಿನ ಲೇಪವಿಲ್ಲದ ಸೆನ್ಸರಿಗೆ ನಿಧಾನ ನ್ಯೂಟ್ರಾನುಗಳು ಕಾಣುವುದೇ ಇಲ್ಲವೆನ್ನಬಹುದು. ಲೇಪವಿದ್ದರೂ, ಚಿತ್ರ ತೆಗೆಯುವ ಕುಲುಮೆಯ ಧಾರೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಹತ್ತು ಲಕ್ಷದಿಂದ ಕೋಟಿಗಟ್ಟಲೆ ನ್ಯೂಟ್ರಾನುಗಳು ಬೀಳುವಲ್ಲಿ, ಬಯಲಿನಲ್ಲಿ ಅಷ್ಟೇ ಜಾಗಕ್ಕೆ ಬೀಳುವುದು ನಿಮಿಷಕ್ಕೆ ಒಂದರ ಆಸುಪಾಸು. ಫೋನಿನ ಸೆನ್ಸರಾದರೋ ಒಂದು ಚದರ ಸೆಂಟಿಮೀಟರಿಗಿಂತಲೂ ಚಿಕ್ಕದು. ಆದಕಾರಣವೇ ಹೊಲದ ಸಾಧನಗಳಲ್ಲಿ ದೊಡ್ಡ ನಳಿಗೆಗಳನ್ನು ಇಟ್ಟು ಗಂಟೆಗಟ್ಟಲೆ ಎಣಿಸುವರು. ಫೋನಿನಿಂದ ನೆಲದೊಳಗಿನ ನೀರನ್ನು ತೋರಿಸುವೆವೆಂದು ಹೇಳಿ ಹಣ ಕೇಳುವವರ ಮಾತಿಗೆ ರೈತರು ಒಳಗಾಗಕೂಡದು.

8. ರೈತರು ತಾವೇ ಮಾಡಬಹುದಾದ ಪರೀಕ್ಷೆ

ಹೊಲದ ನಾಲ್ಕೈದು ಕಡೆಗಳಲ್ಲಿ, ಒಂದು ಗೇಣು ಆಳದಿಂದ ಮಣ್ಣನ್ನು ತೆಗೆದು ಬೆರಸಿ, ಗಾಳಿಯಾಡದ ಡಬ್ಬಿಯಲ್ಲಿ ತರಬೇಕು. ಕೂಡಲೇ ತೂಗಬೇಕು. ಪ್ರಯೋಗಶಾಲೆಯಲ್ಲಾದರೆ 105 ಡಿಗ್ರಿ ಸೆಂಟಿಗ್ರೇಡು ಶಾಖದಲ್ಲಿ 24 ಗಂಟೆ ಒಣಗಿಸುವರು. ಮನೆಯಲ್ಲಿ ಅಗಲವಾದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ತೂಕವು ಮತ್ತೆ ಇಳಿಯದವರೆಗೆ ಒಣಗಿಸಿದರೆ ಸ್ಥೂಲವಾದ ಉತ್ತರವು ದೊರೆಯುವುದು. ಹಸಿಮಣ್ಣು 230 ಗ್ರಾಮು, ಒಣಗಿದ ಮೇಲೆ 200 ಗ್ರಾಮು ಎಂದಿರಲಿ. ಹೋದ ನೀರು 30 ಗ್ರಾಮು. 30ನ್ನು 200ರಿಂದ ಭಾಗಿಸಿದರೆ ನೂರಕ್ಕೆ 15 ತೇವ.

ಒಂದು ಘನ ಸೆಂಟಿಮೀಟರು ನೆಲದಲ್ಲಿ 1.4 ಗ್ರಾಮು ಒಣಮಣ್ಣು ಇದೆಯೆಂದು ಹಿಡಿದರೆ, ಗಾತ್ರದ ಲೆಕ್ಕದಲ್ಲಿ ತೇವವು ನೂರಕ್ಕೆ 21. ಮೇಲಿನ 30 ಸೆಂಟಿಮೀಟರು ನೆಲದಲ್ಲೆಲ್ಲ ತೇವವು ಇಷ್ಟೇ ಇದ್ದರೆ, ಅಲ್ಲಿ 63 ಮಿಲಿಮೀಟರು ಮಳೆಯಷ್ಟು ನೀರಿದೆ. ಎಕರೆಗೆ ಸುಮಾರು ಎರಡೂವರೆ ಲಕ್ಷ ಲೀಟರು. ಇದರಲ್ಲಿ ಒಂದು ಭಾಗವನ್ನು ಮಣ್ಣು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಎಲ್ಲವೂ ಪೈರಿಗೆ ದಕ್ಕುವುದಿಲ್ಲ. ಪೈರು ಬಾಡಲು ತೊಡಗಿದ ದಿನ ಇದೇ ರೀತಿ ತೂಗಿ, ಆ ಅಂಕೆಯನ್ನು ಬರೆದಿಟ್ಟುಕೊಂಡರೆ, ಆ ಹೊಲದ ಬಾಡುವ ಮಟ್ಟವು ಗೊತ್ತಾಗುವುದು. ಮುಂದಿನ ವರ್ಷಗಳಲ್ಲಿ ತೇವವು ಆ ಮಟ್ಟಕ್ಕೆ ಇಳಿಯುವುದಕ್ಕೆ ಮೊದಲೇ ನೀರು ಕೊಡಬಹುದು. ನೀರಿಲ್ಲದ ಹೊಲದಲ್ಲಿ ಕುಂಟೆ ಹಾಯಿಸಿ ಕಳೆ ತೆಗೆದು ಮೇಲ್ಮಣ್ಣನ್ನು ಸಡಿಲಿಸಿದರೆ ಒಳಗಿನ ತೇವವು ಆರುವುದು ನಿಧಾನವಾಗುವುದು. ತೆಂಗಿಗೆ ಬುಡದಿಂದ ಸುಮಾರು ಆರು ಅಡಿ ದೂರದವರೆಗೆ ಪಾತಿಮಾಡಿ, ಗರಿ, ಸಿಪ್ಪೆ, ಸೊಪ್ಪುಗಳನ್ನು ಹೊದಿಸುವುದು ಬೇರಿನ ಬಳಿಯ ತೇವವನ್ನು ಕಾಪಾಡುವ ಪರೀಕ್ಷಿತವಾದ ಕ್ರಮ.

ಸಾರಾಂಶ

(1) ನ್ಯೂಟ್ರಾನುಗಳನ್ನು ಮಣ್ಣು, ಲೋಹಗಳಿಗಿಂತ ನೀರಿನಲ್ಲಿರುವ ಜಲಜನಕವು ಹೆಚ್ಚಾಗಿ ತಡೆಯುತ್ತದೆ.

(2) ಕ್ಯಾಮೆರಾ ಸೆನ್ಸರು ನ್ಯೂಟ್ರಾನನ್ನು ನೇರವಾಗಿ ಕಾಣದು. ಮಿನುಗು ತೆರೆಯು ಅದನ್ನು ಬೆಳಕಾಗಿಸಿ, ಕನ್ನಡಿ, ಲೆನ್ಸುಗಳು ಆ ಬೆಳಕನ್ನು ಸೆನ್ಸರಿಗೆ ತಲಪಿಸುತ್ತವೆ.

(3) ಕತ್ತಲ ಚಿತ್ರ, ಒಣಚಿತ್ರ, ಹಸಿಚಿತ್ರಗಳನ್ನು ಹೋಲಿಸಿ ನೀರಿನ ದಪ್ಪವನ್ನು ಲೆಕ್ಕಹಾಕಬಹುದು.

(4) ಬೇರಿನ ಪಕ್ಕದ ಮಣ್ಣಿನ ಪದರವು ಪೂರಾ ಒಣಗಿದರೆ ಮತ್ತೆ ಬೇಗನೆ ನೆನೆಯದೆಂಬುದು ಈ ವಿಧಾನದಿಂದ ತಿಳಿದುಬಂದಿತು.

(5) ಹೊಲದಲ್ಲಿ ಶಲಾಕೆ, ವಿಶ್ವಕಿರಣ ಸಾಧನಗಳು ಉಪಯುಕ್ತವಾದರೂ, ಅವುಗಳನ್ನು ಆಯಾ ಮಣ್ಣಿಗೆ ಹೊಂದಿಸಲು ಒಣಗಿಸಿ ತೂಗುವ ಪರೀಕ್ಷೆಯೇ ಆಧಾರ. ಆ ಪರೀಕ್ಷೆಯು ಪ್ರತಿಯೊಬ್ಬ ರೈತರ ಕೈಗೂ ಎಟಕುವಂಥದು.

ಕಂಬದ ಹೊಳಪಿನಲ್ಲಿ ಹೊರಗಿನ ರೂಪವನ್ನು ಕಂಡು ಆನಂದಿಸುವ ಬಸ್ತಿಹಳ್ಳಿಯ ಬೇಸಾಯಗಾರರು, ಹೊಲದ ವಿಷಯದಲ್ಲಿ ಮಾತ್ರ ಮೇಲ್ಮೈಯನ್ನು ನಂಬದೆ, ಒಂದು ಗೇಣು ಕೆಳಗಣ ಮಣ್ಣನ್ನು ವಾರಕ್ಕೊಮ್ಮೆ ತೂಗಿ ನೋಡುವ ಅಭ್ಯಾಸವನ್ನು ಇಟ್ಟುಕೊಂಡರೆ, ಮಳೆ ತಡವಾದ ವರ್ಷಗಳಲ್ಲಿ ಇರುವಷ್ಟು ನೀರನ್ನು ಸಕಾಲದಲ್ಲಿ ಕೊಟ್ಟು ಪೈರನ್ನು ಉಳಿಸಿಕೊಳ್ಳಲು ಅನುಕೂಲವಾಗುವುದು.